ನಮ್ಮ ಮನೆಯ ಚಟ್ಲಿ ಸಂಸಾರ

ಚಟ್ಲಿಯ ಹೆಸರೆತ್ತಿದರೆ ಕುಂದಾಪುರದ ಕಡೆಯವರ ಬಾಯಲ್ಲಿ ನೀರೂರುತ್ತದೆ. ಮಂಗಳೂರಿನವರಿಗೆ ಅದೇ ಎಟ್ಟಿ. ಇಲ್ಲಿನ ಮೀನು ಮಾರುಕಟ್ಟೆಯಲ್ಲಿ ಕೋಳಂಬಿ. ಪುಸ್ತಕದ ಕನ್ನಡದಲ್ಲಿ ಸೀಗಡಿ. ಕೋಲಿ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವ ಒಣ ಜವಳಾ ಕೂಡ ಈ ಬಳಗಕ್ಕೇ ಸೇರಿದ್ದು. ಇವೆಲ್ಲ ಅಡಿಗೆಮನೆಯ ಹೆಸರುಗಳು. ಇಂತಹ ಪ್ರಾಣಿಯನ್ನು ದುಡ್ಡು ಕೊಟ್ಟು ತಂದು, ಗಾಜಿನ ತೊಟ್ಟಿಯಲ್ಲಿ ಬಿಟ್ಟು, ಅದಕ್ಕೆ ಸೊಪ್ಪು ಬೇಯಿಸಿ ಹಾಕಿ, ಅದರ ಹೆರಿಗೆ ಬಾಣಂತನಗಳ ಲೆಕ್ಕವಿಡುವ ಜನರೂ ಉಂಟೆಂದರೆ ವಾಚಕರು ನಗಬಹುದು. ನಗಲಿ. ನಾವು ಆ ಪಂಗಡಕ್ಕೆ ಸೇರಿ ಈಗ ಕೆಲವು ವರ್ಷಗಳಾದುವು. ನಮ್ಮ ಮನೆಗೆ ಬಂದವರೆಲ್ಲ ಮೊದಲು ನಕ್ಕವರೇ. ಅವರಲ್ಲಿ ಮೂರು ಮನೆಯವರು ಹೋಗುವಾಗ ಬಾಟಲಿ ಕೇಳಿದರು.

ನಾವು ಹೇಳಹೊರಟಿರುವುದು ಚೆರಿ ಸೀಗಡಿ ಎಂಬ ಸಿಹಿನೀರಿನ ಪುಟ್ಟ ಜೀವಿಯ ವಿಷಯ. ಹೆಣ್ಣು ಬೆಳೆದರೆ ಒಂದಂಗುಲ ಇಲ್ಲವೆ ತುಸು ಹೆಚ್ಚು. ಗಂಡು ಅದಕ್ಕಿಂತ ಸಣ್ಣದು, ತೆಳುವು, ಬಣ್ಣವೂ ಮಾಸಲು. ಆಯುಸ್ಸು ಒಂದು ವರ್ಷ, ಒಂದೂವರೆ ವರ್ಷ. ಶಾಸ್ತ್ರಜ್ಞರು ಇದನ್ನು ನಿಯೋಕ್ಯಾರಿಡಿನಾ ಡೇವಿಡಿ ಎಂದು ಕರೆಯುತ್ತಾರೆ. ೧೯೦೪ರಲ್ಲಿ ಬೂವಿಯೆ ಎಂಬ ಫ್ರೆಂಚ್ ವಿದ್ವಾಂಸನು ಈ ಜಾತಿಗೆ ಅರ್ಮಾನ್ ಡೇವಿಡ್ ಎಂಬ ಪಾದ್ರಿಯ ಹೆಸರಿಟ್ಟನು. ಚೀನದ ಪಾಂಡಾ ಕರಡಿಯನ್ನು ೧೮೬೯ರಲ್ಲಿ ಯುರೋಪಿನವರಿಗೆ ಪರಿಚಯ ಮಾಡಿಕೊಟ್ಟ ಪಾದ್ರಿ ಇವರೇ. ಅಷ್ಟು ದೊಡ್ಡ ಕರಡಿಯ ಕೀರ್ತಿ ಹೊತ್ತವರ ಹೆಸರು ಇಷ್ಟು ಸಣ್ಣ ಹುಳುವಿನಂತಹ ಪ್ರಾಣಿಗೂ ಅಂಟಿಕೊಂಡಿತು. ಚೀನ, ತೈವಾನುಗಳ ಹೊಳೆಗಳಲ್ಲಿರುವ ಮೂಲದ ಸೀಗಡಿ ಕೆಂಪಲ್ಲ. ಕೊಳೆತ ಎಲೆಯ ನಡುವೆ ಕಾಣದಂತಿರುವ ಕಂದು, ಹಸಿರುಗಂದು. ಸಾಕುವವರು ಕೆಂಪು ತೋರಿದ ಮರಿಗಳನ್ನೇ ಆಯ್ದು ಆಯ್ದು ಬೆಳೆಸಿ ಈ ಬಣ್ಣವನ್ನು ನಿಲ್ಲಿಸಿದ್ದಾರೆ.

ನಮ್ಮ ಮನೆಗೆ ಇದು ಬಂದ ಸಂದರ್ಭವನ್ನು ಹೇಳದಿದ್ದರೆ ಮುಂದಿನದು ತಿಳಿಯಲಾರದು. ೨೦೧೮ರಲ್ಲಿ ಊರ ಮನೆಗೆ ಬೀಗ ಹಾಕಿ ಅಮ್ಮನನ್ನು ಡೊಂಬಿವಲಿಗೆ ಕರೆತಂದೆವು. ಬೈಂದೂರಿನ ಹತ್ತಿರ ಬಾವಿ, ಬಸಳೆ ಚಪ್ಪರ, ಮನೆಯ ಹಿಂದೆ ಹರಿಯುವ ತೋಡು, ಇವುಗಳ ನಡುವೆ ಎಪ್ಪತ್ತು ವರ್ಷ ಕಳೆದವರನ್ನು ನಾಲ್ಕನೆಯ ಮಹಡಿಯ ಎರಡು ಕೋಣೆಗಳಲ್ಲಿ ತಂದಿರಿಸಿದರೆ ಏನಾದೀತು? ಊಟ ಮಾಡುತ್ತಿದ್ದರು, ಕಿಟಕಿಯ ಬಳಿ ಕೂರುತ್ತಿದ್ದರು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದರು. ಮರಾಠಿ ಬಾರದು; ಹಿಂದಿ ಅರೆಬರೆ. ಸಂಘದ ಕಾರ್ಯಕ್ರಮಗಳಿಗೆ ಕರೆದೊಯ್ದೆವು. ಬಂದು ಕುಳಿತು ಎದ್ದು ಬಂದರು. ನಮಗಿಬ್ಬರಿಗೂ ಬೆಳಿಗ್ಗೆ ಏಳೂವರೆಯ ಗಾಡಿ ತಪ್ಪಿಸುವಂತಿಲ್ಲ. ಇದು ನಮ್ಮ ಮನೆಯೊಂದರ ಕಥೆಯಲ್ಲ ಎಂಬುದು ಕಲ್ಯಾಣದಿಂದ ವಾಶಿಯವರೆಗಿನ ಅನೇಕ ವಾಚಕರಿಗೆ ಗೊತ್ತು.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೆಳಗಿನ ಮನೆಯವರು ಪುಣೆಗೆ ವರ್ಗವಾಗಿ ಹೊರಟರು. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅವರ ಮೀನಿನ ತೊಟ್ಟಿ ನಮ್ಮ ಪಾಲಿಗೆ ಬಂದಿತು. ಕಾಲೇಜಿಗೆ ಹೋಗುತ್ತಿದ್ದ ಮಗಳು ಅದರಲ್ಲಿ ಮೀನು ಬೇಡ, ಸೀಗಡಿಯೇ ಆಗಬೇಕು ಎಂದಳು. ಹಿಂದೆ ಮುಂಬಯಿಗೆ ಬಂದ ನಮ್ಮ ಹಿರಿಯರು ಮಕ್ಕಳ ಕೈಹಿಡಿದು ಮರೀನ್ ಡ್ರೈವಿನ ತಾರಾಪೋರವಾಲಾ ಮತ್ಸ್ಯಾಲಯವನ್ನು ನೋಡಲು ಹೋಗುತ್ತಿದ್ದರು. ೧೯೫೧ರಲ್ಲಿ ತೆರೆದ ಆ ಸಂಸ್ಥೆಯಲ್ಲಿ ಬಣ್ಣದ ಮೀನು ಕಂಡು ಬೆರಗಾದವರ ಮೊಮ್ಮಕ್ಕಳು ಈಗ ಬೆರಗನ್ನು ಮನೆಗೇ ತರುತ್ತಾರೆ. ಆಗಲಿ ಎಂದೆವು.

ಅಲ್ಲಿಂದ ಮುಂದಿನ ಐದು ವಾರ ತೊಟ್ಟಿಯಲ್ಲಿ ಏನೂ ಇಲ್ಲ, ಬರಿಯ ನೀರು. ಬಂದವರೆಲ್ಲ “ಮೀನೆಲ್ಲಿ?” ಎಂದು ಕೇಳುವರು. ಉತ್ತರ ಹೇಳಿ ಸಾಕಾಯಿತು. ಸಂಗತಿ ಹೀಗಿದೆ: ನೀರಿನಲ್ಲಿ ಬಿದ್ದ ಕಸ, ಹಿಕ್ಕೆ, ಉಳಿದ ತಿನಿಸು ಕೊಳೆತು ಅಮೋನಿಯ ಆಗುತ್ತದೆ. ಅದು ಸೀಗಡಿಗೆ ವಿಷ. ಒಂದು ಜಾತಿಯ ಸೂಕ್ಷ್ಮಾಣುಗಳು ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ; ಅದು ಬಹುಮಟ್ಟಿಗೆ ನಿರುಪದ್ರವಿ. ಈ ಎರಡು ಬಗೆಯ ಕಣ್ಣಿಗೆ ಕಾಣದ ಕೆಲಸದಾಳುಗಳು ಕಲ್ಲಿನ ಮೇಲೆ, ಸ್ಪಂಜಿನೊಳಗೆ, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮಗಳು ಇದನ್ನೆಲ್ಲ ಅಜ್ಜಿಗೆ ವಿವರಿಸಿದಳು. ಅಮ್ಮ ಅರ್ಧ ಕೇಳಿ, “ಹೊಸ ಬಾವಿ ನೀರನ್ನ ಕೂಡ್ಲೆ ಕುಡಿತ್ರಾ?” ಎಂದರು. ಆ ತಿಂಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದೇ ಎಂದರೆ ಅತಿಶಯೋಕ್ತಿಯಾಗಲಾರದು.

ನಮ್ಮ ಕಡೆಯ ನೀರಿನ ಬಗೆಗೂ ಎರಡು ಮಾತು ಹೇಳಬೇಕು. ಕಲ್ಯಾಣ-ಡೊಂಬಿವಲಿಯ ನಳದಲ್ಲಿ ಬರುವುದು ಉಲ್ಹಾಸ ನದಿಯ ನೀರು. ಡೊಂಬಿವಲಿಯಲ್ಲೇ ಕೈಗಾರಿಕಾ ವಿಭಾಗದ ವಸತಿಗಳಿಗೆ ಬಾರವಿ ಅಣೆಕಟ್ಟಿನದು. ಥಾಣೆಗೆ ಭಾತಸಾ ನೀರು ಬರುತ್ತದೆ. ನವಿಮುಂಬಯಿಗೆ ಖಾಲಾಪುರದ ಬಳಿಯ ಮೋರ್ಬೆ ಅಣೆಕಟ್ಟು. ಎಲ್ಲವೂ ಸಹ್ಯಾದ್ರಿಯ ಕಪ್ಪು ಬಂಡೆಗಳ ಮೇಲೆ ಸುರಿದ ಮಳೆಯೇ. ಆದುದರಿಂದ ಮೃದು ನೀರು. ಬೇಳೆ ಚೆನ್ನಾಗಿ ಬೇಯುತ್ತದೆ, ಸಾಬೂನು ಚೆನ್ನಾಗಿ ನೊರೆ ಕೊಡುತ್ತದೆ. ಸೀಗಡಿಗೆ ಮಾತ್ರ ಅಷ್ಟು ಮೃದು ನೀರು ಸಾಲದು. ಮೈಮೇಲಿನ ಚಿಪ್ಪಿಗೆ ಸುಣ್ಣದಂಶ ಬೇಕು. ಜನರು ಅದಕ್ಕಾಗಿ ವಿದೇಶದ ಪುಡಿಗಳನ್ನು ತರಿಸುತ್ತಾರೆ. ಅಮ್ಮ ಸಮುದ್ರಫೇನದ ಒಂದು ತುಂಡು ಹಾಕಿಸಿದರು. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ, ಕರಾವಳಿಯ ಮಕ್ಕಳು ದಂಡೆಯಲ್ಲಿ ಹೆಕ್ಕುವ ಆ ಬಿಳಿ ವಸ್ತು ನೊರೆಯಲ್ಲ, ಸಮುದ್ರದ ಒಂದು ಪ್ರಾಣಿಯ ಬೆನ್ನೆಲುಬಿನಂತಹ ಭಾಗ; ಬಹುಪಾಲು ಸುಣ್ಣವೇ. ಮೆಲ್ಲನೆ ಕರಗುತ್ತ ಹೋಗುತ್ತದೆ. ನಳದ ನೀರಿನ ಕ್ಲೋರಿನ್ ಹೋಗಲೆಂದು ಒಂದು ಬಾಲ್ದಿ ನೀರು ಯಾವಾಗಲೂ ಬಚ್ಚಲಲ್ಲಿ ಒಂದು ದಿನ ತೆರೆದಿರುತ್ತದೆ. ಮಳೆಗಾಲದಲ್ಲಿ ಔಷಧದ ವಾಸನೆ ಹೆಚ್ಚಿದ್ದರೆ ಹೈಪೋ ಹರಳಿನ ದ್ರಾವಣವನ್ನೂ ಒಂದೆರಡು ತೊಟ್ಟು ಬಿಡುತ್ತೇವೆ.

ಐದನೆಯ ವಾರ ಹದಿನೈದು ಸೀಗಡಿ ತಂದೆವು, ಒಂದಕ್ಕೆ ಮೂವತ್ತು ರೂಪಾಯಿ. ಅಮ್ಮ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿ, “ಇದ್ ಎಷ್ಟ್ ಹಾಕ್ರೆ ಒಂದ್ ಸಾರ್ ಆತ್ತ್?” ಎಂದು ಕೇಳಿದರು. ನಾನೂರೈವತ್ತು ರೂಪಾಯಿಯ ಸಾಮಾನಿನಲ್ಲಿ ಒಂದು ಚಮಚ ತುಂಬುವಷ್ಟೂ ಇರಲಿಲ್ಲ.

ಹೊಸ ಸೀಗಡಿಯನ್ನು ನೀರಿಗೆ ಬಿಡುವ ಕ್ರಮವೇ ಈ ಹವ್ಯಾಸದ ಜೀವಾಳ. ಮೀನಿನಂತೆ ಪೊಟ್ಟಣ ಬಿಚ್ಚಿ ಸುರಿಯುವಂತಿಲ್ಲ. ತಂದ ನೀರಿನೊಡನೆ ಒಂದು ಪಾತ್ರೆಯಲ್ಲಿ ಬಿಟ್ಟು, ತೊಟ್ಟಿಯಿಂದ ಒಂದು ಸಣ್ಣ ನಳಿಗೆ ಇಳಿಬಿಟ್ಟು, ಅದಕ್ಕೆ ಗಂಟು ಹಾಕಿ, ಕ್ಷಣಕ್ಕೊಂದು ಎರಡು ತೊಟ್ಟು ಬೀಳುವಂತೆ ಮಾಡಬೇಕು. ಎರಡು ಗಂಟೆ, ಮೂರು ಗಂಟೆ ಹೀಗೆ ತೊಟ್ಟಿಕ್ಕಿ, ಹಳೆಯ ನೀರಿನ ಎರಡರಷ್ಟು, ಮೂರರಷ್ಟು ಹೊಸ ನೀರು ಸೇರಿದ ಮೇಲೆ ಬಿಡಬೇಕು. ನೀರಿನಲ್ಲಿ ಕರಗಿದ ಲವಣಗಳು ಥಟ್ಟನೆ ಬದಲಾದರೆ ಅದರ ಮೈಯೊಳಗಿನ ಹದ ಕೆಡುತ್ತದೆ. ಕೆಲವು ಅಂದೇ ಸಾಯುತ್ತವೆ, ಕೆಲವು ವಾರ ಕಳೆದು ಚಿಪ್ಪು ಕಳಚಲಾರದೆ ಸಾಯುತ್ತವೆ. ನಳಿಗೆಯ ಗಂಟನ್ನು ಬಿಗಿ ಸಡಿಲ ಮಾಡುತ್ತ ಕೂರುವವರು ಯಾರು? ನಮಗೆ ಪುರುಸೊತ್ತಿಲ್ಲ, ಮಗಳಿಗೆ ತಾಳ್ಮೆಯಿಲ್ಲ. ಅಮ್ಮ ಮಣೆ ಎಳೆದುಕೊಂಡು ಕುಳಿತರು. ಮೂರು ಗಂಟೆ ಏಳಲಿಲ್ಲ. ಹದಿನೈದರಲ್ಲಿ ಹದಿನಾಲ್ಕು ಉಳಿದುವು.

ಹತ್ತು ಹನ್ನೆರಡು ದಿನಕ್ಕೆ ಒಂದು ಗಲಾಟೆಯಾಯಿತು. ತೊಟ್ಟಿಯ ತಳದಲ್ಲಿ ಒಂದು ಬಿಳಿಚಿದ ಸೀಗಡಿ ಬಿದ್ದಿತ್ತು. ಎಣಿಸಿದರೆ ಹದಿನಾಲ್ಕೂ ಓಡಾಡುತ್ತಿವೆ! ಅದು ಹೆಣವಲ್ಲ, ಕಳಚಿದ ಅಂಗಿ. ಸೀಗಡಿಯ ಚಿಪ್ಪು ಬೆಳೆಯುವುದಿಲ್ಲ. ಒಳಗಿನ ಪ್ರಾಣಿ ಬೆಳೆದಾಗ ಬೆನ್ನಿನ ಬಳಿ ಚಿಪ್ಪು ಸೀಳಿ, ಒಂದು ಸಲ ಜಿಗಿದು ಹೊರಬರುತ್ತದೆ. ಮೀಸೆ, ಕಾಲು, ಕಣ್ಣಿನ ಹೊದಿಕೆ ಸಹಿತ ಪೂರಾ ಸೀಗಡಿಯ ಆಕಾರ ಅಲ್ಲಿ ಉಳಿಯುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಪ್ರಾಣಿ ಪಾಚಿಯೊಳಗೆ ಅಡಗಿರುತ್ತದೆ. ಬಿಟ್ಟ ಚಿಪ್ಪನ್ನು ಎತ್ತಿ ಎಸೆಯಬಾರದು. ತಾವೇ ತಿಂದು ಸುಣ್ಣವನ್ನು ಮರಳಿ ಪಡೆಯುತ್ತವೆ.

ಮತ್ತೊಂದು ಸಂಜೆ ನಾವು ಗಾಡಿಯಿಂದಿಳಿದು ಬೆವರೊರೆಸುತ್ತ ಬಾಗಿಲು ದಾಟುವಷ್ಟರಲ್ಲಿ ಅಮ್ಮನೇ ಎದುರು ಬಂದು, “ಅದ್ರಲ್ ಒಂದ್ ಬಸ್ರಿ” ಎಂದರು. ಅವರು ಎದುರು ಬಂದು ಮಾತಾಡಿಸಿ ಒಂದು ವರ್ಷವಾಗಿತ್ತು. ನೋಡಿದರೆ ನಿಜ. ಹೆಣ್ಣಿನ ಕತ್ತಿನ ಹಿಂದೆ ಜೀನು ಹಾಕಿದಂತೆ ಹಳದಿಯ ಒಂದು ಗುರುತು ಮೊದಲು ಕಾಣುತ್ತದೆ. ಅದು ಅಂಡಕೋಶದಲ್ಲಿ ಬಲಿಯುತ್ತಿರುವ ತತ್ತಿ. ಹೆಣ್ಣು ಚಿಪ್ಪು ಕಳಚಿದೊಡನೆ ನೀರಿಗೆ ಒಂದು ವಾಸನೆ ಬಿಡುತ್ತದೆ. ಗಂಡುಗಳೆಲ್ಲ ಹುಚ್ಚು ಹಿಡಿದಂತೆ ತೊಟ್ಟಿಯ ತುಂಬ ಸುತ್ತುತ್ತವೆ. ಕೂಡಿದ ಮೇಲೆ ತತ್ತಿಗಳು ಹೊಟ್ಟೆಯ ಕೆಳಗಿನ ಈಜುಗಾಲುಗಳ ನಡುವೆ ಇಳಿಯುತ್ತವೆ: ಇಪ್ಪತ್ತೋ ಮೂವತ್ತೋ, ರಾಗಿಕಾಳಿನಂತೆ. ತಾಯಿ ಮೂರು ನಾಲ್ಕು ವಾರ ಹಗಲಿರುಳು ಆ ಕಾಲುಗಳನ್ನು ಬೀಸುತ್ತ ತತ್ತಿಗಳಿಗೆ ಹೊಸ ನೀರಾಡಿಸುತ್ತದೆ, ಆಗಾಗ ಒಂದೊಂದನ್ನೇ ಹೊರಳಿಸುತ್ತದೆ. ಕೊನೆಕೊನೆಗೆ ಪ್ರತಿ ತತ್ತಿಯಲ್ಲೂ ಎರಡು ಕಪ್ಪು ಚುಕ್ಕೆ, ಮರಿಯ ಕಣ್ಣು. ಅಮ್ಮ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಇಪ್ಪತ್ತಾರನೆಯ ದಿನ ಪಾಚಿಯ ಮೇಲೆ ಗಸಗಸೆಗಿಂತ ತುಸು ದೊಡ್ಡ ಮರಿಗಳು, ಆದರೆ ಪೂರ್ಣ ಸೀಗಡಿಗಳು: ಮೀಸೆಯುಂಟು, ಬಾಲವುಂಟು, ಹುಟ್ಟಿದ ಗಳಿಗೆಯಿಂದ ತಮ್ಮ ಊಟ ತಾವೇ ಹುಡುಕುತ್ತವೆ.

ಇದೇ ಈ ಜಾತಿಯ ವಿಶೇಷ. ಎಲ್ಲ ಸೀಗಡಿಗಳೂ ಹೀಗಲ್ಲ. ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ ಅವರು ೧೯೮೦ರ ದಶಕದಲ್ಲಿ ಪ್ರಸಿದ್ಧಿಗೆ ತಂದ ಅಮಾನೊ ಸೀಗಡಿಯು ಪಾಚಿ ತಿನ್ನುವುದರಲ್ಲಿ ನಿಸ್ಸೀಮ. ಮನೆಯ ತೊಟ್ಟಿಯಲ್ಲಿ ತತ್ತಿಯನ್ನೂ ಹೊರುತ್ತದೆ. ಆದರೆ ಅದರ ಮರಿ ಬದುಕಬೇಕಾದರೆ ಉಪ್ಪುನೀರು ಬೇಕು. ಹೊಳೆಯಲ್ಲಿ ಒಡೆದ ಮರಿಗಳು ಸಮುದ್ರಕ್ಕೆ ತೇಲಿ ಹೋಗಿ, ಅಲ್ಲಿ ರೂಪ ಬದಲಿಸಿ, ಮತ್ತೆ ಹೊಳೆಗೆ ಏರಿ ಬರುತ್ತವೆ. ನಮ್ಮ ನದಿಗಳ ದೊಡ್ಡ ಸಿಹಿನೀರ ಸೀಗಡಿಯದೂ ಇದೇ ಕಥೆ. ಬಹುಕಾಲ ಅದರ ಮರಿಗಳನ್ನು ಸಾಕಲು ಯಾರಿಗೂ ಆಗಿರಲಿಲ್ಲ. ೧೯೬೦ರ ದಶಕದ ಆರಂಭದಲ್ಲಿ ಮಲಯದ ಪೆನಾಂಗಿನಲ್ಲಿ ಲಿಂಗ್ ಎಂಬ ವಿಜ್ಞಾನಿ ಉಪ್ಪಿನ ಗುಟ್ಟನ್ನು ಕಂಡುಹಿಡಿದ ಮೇಲೆಯೇ ಅದರ ಸಾಕಣೆ ಜಗತ್ತಿನಲ್ಲೆಲ್ಲ ಹಬ್ಬಿತು. ಇದನ್ನು ಕೇಳಿದ ಅಮ್ಮ, “ಅವ್ ಬಾಣಂತನಕ್ಕೆ ತವರಿಗೇ ಹೋಯ್ಕ್, ಇವ್ ಇದ್ದಲ್ಲೇ ಹೆರ್ತೊ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಮುಂಬಯಿಯ ಕನ್ನಡ ಮನೆಗಳಲ್ಲಿ ಎರಡು ಬಗೆಯವರನ್ನೂ ನೋಡಿದ್ದೇವೆ.

ಮರುವರ್ಷ ಮಾರ್ಚಿನಲ್ಲಿ ದೇಶವೇ ಬೀಗ ಹಾಕಿಕೊಂಡಿತು. ಲೋಕಲ್ ಗಾಡಿಗಳು ನಿಂತುವು, ಅಂಗಡಿಗಳು ಮುಚ್ಚಿದುವು. ತಿನಿಸಿನ ಡಬ್ಬಿ ಮುಗಿದು ಹೋಯಿತು. ಸೀಗಡಿಗಳು ಮಾತ್ರ ಕೊಬ್ಬಿದುವು! ಕಾರಣ, ಅವುಗಳ ನಿಜವಾದ ಆಹಾರ ಡಬ್ಬಿಯದಲ್ಲ. ಎಲೆಯ ಮೇಲೆ, ಗಾಜಿನ ಮೇಲೆ, ಸ್ಪಂಜಿನ ಮೇಲೆ ಕಟ್ಟುವ ಲೋಳೆಯಂತಹ ತೆಳು ಪೊರೆಯನ್ನು ಮುಂಗಾಲಿನ ಪುಟ್ಟ ಕುಂಚಗಳಿಂದ ಕೆರೆದು ಕೆರೆದು ತಿನ್ನುತ್ತಲೇ ಇರುತ್ತವೆ. ಅದಕ್ಕೆ ಬೇಕಾದುದು ಕಾಡುಬಾದಾಮಿಯ ಒಣಗಿದ ಎಲೆ. ಡೊಂಬಿವಲಿಯ ರಸ್ತೆಬದಿಯಲ್ಲಿ ಆ ಮರಗಳಿಗೆ ಬರವಿಲ್ಲ. ಚಳಿಗಾಲದ ಕೊನೆಗೆ ಎಲೆ ಕೆಂಪಾಗಿ ತಾನೇ ಉದುರುತ್ತದೆ. ತೊಳೆದು ಒಣಗಿಸಿಟ್ಟರೆ ವರ್ಷಕ್ಕಾಯಿತು. ಮೇಲೆ ವಾರಕ್ಕೆರಡು ಸಲ ಬೆಂದ ಪಾಲಕದ ಒಂದು ಚೂರು, ಇಲ್ಲವೆ ಬಸಳೆಯ ಎಲೆ, ಸೌತೆಯ ಬಿಲ್ಲೆ. ನಾಲ್ಕು ಗಂಟೆಯ ಮೇಲೆ ಉಳಿದುದನ್ನು ತೆಗೆದುಬಿಡಬೇಕು. ಅಷ್ಟೇ. ಆ ಬಸಳೆಗಾಗಿ ಅಮ್ಮ ಕಿಟಕಿಯ ಜಾಲಿಯಲ್ಲಿ ಎರಡು ಡಬ್ಬಿ ಬಳ್ಳಿ ಹಬ್ಬಿಸಿದರು. ಸೀಗಡಿಯ ನೆವದಲ್ಲಿ ನಮಗೂ ಬಸಳೆ ಹುಳಿ. ೨೦೨೦ರ ದೀಪಾವಳಿಯ ಹೊತ್ತಿಗೆ ಎಣಿಸುವ ಯತ್ನ ಬಿಟ್ಟೆವು, ನೂರೈವತ್ತಕ್ಕೆ ಕಡಿಮೆಯಿರಲಿಲ್ಲ.

ಕೊಡಲೇಬೇಕಾಯಿತು. ಮೊದಲನೆಯ ಸಂಸಾರ ಕಲ್ಯಾಣದ ಭಾವನವರ ಮನೆಗೆ ಹೋಯಿತು. ಅಲ್ಲಿ ಗಪ್ಪಿ ಮೀನುಗಳೊಡನೆ ಬಿಟ್ಟರು. ದೊಡ್ಡವು ಸುಖವಾಗಿದ್ದುವು, ಮರಿಗಳು ಒಂದೂ ಉಳಿಯಲಿಲ್ಲ. ಬಾಯೊಳಗೆ ಹಿಡಿಸುವಷ್ಟು ಸಣ್ಣದಾದುದನ್ನು ಮೀನು ಬಿಡುವುದಿಲ್ಲ. ಎರಡನೆಯದು ಥಾಣೆಗೆ. ಆ ಮನೆಯ ಹುಡುಗನಿಗೆ ಕೆಂಪೊಂದೇ ಸಾಲದು, ನೀಲಿ, ಹಳದಿ ಎಲ್ಲವನ್ನೂ ತಂದು ಕೂಡಿಸಿದ. ಎಲ್ಲವೂ ಒಂದೇ ಜಾತಿಯವು, ಬಣ್ಣ ಮಾತ್ರ ಬೇರೆ. ಕೂಡಿ ಸಂಸಾರ ಮಾಡಿದುವು. ಮೊಮ್ಮಕ್ಕಳ ಕಾಲಕ್ಕೆ ತೊಟ್ಟಿಯ ತುಂಬ ಕಂದು ಸೀಗಡಿ, ತೈವಾನಿನ ಹೊಳೆಯಲ್ಲಿದ್ದ ಮುತ್ತಜ್ಜನ ಬಣ್ಣ. ಹುಡುಗನಿಗೆ ಬೇಸರವಾಯಿತು. ನಮಗೇನೋ ಆ ಕಂದು ಬಣ್ಣವೂ ಚೆನ್ನಾಗಿಯೇ ಕಂಡಿತು. ಅಮ್ಮನಂತೂ ನಮ್ಮೂರ ತೋಡಿನಲ್ಲಿದ್ದ ಹಾಗೆಯೇ ಇದೆ ಎಂದು ಅಲ್ಲಿಂದ ಏಳಲೊಲ್ಲರು.

ಮೂರನೆಯದು ಐರೋಲಿಗೆ, ಸಂಘದ ಮೂಲಕವೇ ಪರಿಚಯವಾದ ಧಾರವಾಡದ ಕಡೆಯ ಒಂದು ಮನೆಗೆ. ಅವರು ಶುದ್ಧ ಸಸ್ಯಾಹಾರಿಗಳು. ಸೀಗಡಿಯನ್ನು ಹತ್ತಿರದಿಂದ ಕಂಡದ್ದೇ ನಮ್ಮ ಮನೆಯಲ್ಲಿ. ೨೦೨೨ರ ಜನವರಿಯ ಒಂದು ಭಾನುವಾರ ಹನ್ನೆರಡು ಸೀಗಡಿಗಳನ್ನು ಒಂದು ಹಿಡಿ ಪಾಚಿಯೊಡನೆ ಅಗಲಬಾಯಿಯ ಬಾಟಲಿಯಲ್ಲಿ ಹಾಕಿ, ಹಳೆಯ ಪತ್ರಿಕೆ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಹೊರಟೆವು. ಮೆಗಾಬ್ಲಾಕಿನ ದಿನ. ನಮ್ಮ ಜನಕ್ಕೆ ಆ ಶಬ್ದದ ಅರ್ಥ ವಿವರಿಸಬೇಕಾಗಿಲ್ಲ. ಥಾಣೆಯಲ್ಲಿ ಗಾಡಿ ಬದಲಿಸಿ ಟ್ರಾನ್ಸ್ ಹಾರ್ಬರ್ ಮಾರ್ಗದಲ್ಲಿ ಹೋಗಬೇಕು. ಆಗ ಮೊದಲ ನಿಲ್ದಾಣವೇ ಐರೋಲಿ, ದಿಘಾಗಾಂವ್ ನಿಲ್ದಾಣ ೨೦೨೪ರಲ್ಲಿ ನಡುವೆ ಸೇರಿದ್ದು. ಗಾಡಿಯಲ್ಲಿ ಒಬ್ಬ ಮಹಾಶಯರು ಚೀಲಕ್ಕೆ ಮೊಣಕೈ ಒತ್ತಿದಾಗಲೆಲ್ಲ ನಮ್ಮ ಎದೆ ಹಾರುತ್ತಿತ್ತು. ಏನಿದೆ ಎಂದು ಕೇಳಿದರು. ಕೋಳಂಬಿ ಎಂದೆವು. ಬೆಲೆ ಕೇಳಿದರು!

ಐರೋಲಿಯ ಮನೆಯವರು ನಾವು ಹೇಳಿಕೊಟ್ಟುದನ್ನೆಲ್ಲ ಬರೆದುಕೊಂಡು ಅಕ್ಷರಶಃ ಪಾಲಿಸಿದರು. ಮೀನಿಲ್ಲ, ಬೇರೆ ಬಣ್ಣವಿಲ್ಲ, ತಾಮ್ರವಿರುವ ಔಷಧವಿಲ್ಲ. ಸೀಗಡಿಯ ರಕ್ತದಲ್ಲಿ ನಮ್ಮಂತೆ ಕಬ್ಬಿಣವಿಲ್ಲ, ತಾಮ್ರವೇ ಇರುವುದು. ಆದರೂ ನೀರಿನಲ್ಲಿ ತಾಮ್ರದ ಅಂಶ ಹೆಚ್ಚಿದರೆ ಅದಕ್ಕೆ ಸಾವು. ಅವರ ಮನೆಯ ಸೀಗಡಿಗಳು ನಮ್ಮವಕ್ಕಿಂತ ಕೆಂಪಾದುವು. ಸ್ಪಿರುಲಿನ ಎಂಬ ನೀಲಿಹಸಿರು ಪಾಚಿಯ ಮಾತ್ರೆ ಹಾಕುತ್ತಿದ್ದರಂತೆ. ಅವರ ಮನೆಯಿಂದ ಸ್ವಲ್ಪ ದೂರ ನಡೆದರೆ ಥಾಣೆಯ ಖಾಡಿ. ಚಳಿಗಾಲದಿಂದ ಬೇಸಗೆಯವರೆಗೆ ಅಲ್ಲಿ ರಾಜಹಂಸಗಳು ಇಳಿದಿರುತ್ತವೆ. ೨೦೧೫ರಿಂದ ಅದು ಅಭಯಾರಣ್ಯ. ಆ ಹಕ್ಕಿಗಳ ಗುಲಾಬಿ ಬಣ್ಣವೂ ತಿಂದ ಪಾಚಿಯಿಂದ ಬಂದದ್ದೇ. ಕಿಟಕಿಯಾಚೆ ಆಕಾಶದಲ್ಲಿ ಹಾರುವುದಕ್ಕೂ ಮೇಜಿನ ಮೇಲಿನ ತೊಟ್ಟಿಯಲ್ಲಿ ಕೂತಿರುವುದಕ್ಕೂ ಒಂದೇ ಅಂಗಡಿಯ ಬಣ್ಣ ಎಂದು ಅಲ್ಲಿಯ ಮಕ್ಕಳು ನಮಗೇ ಪಾಠ ಹೇಳಿದರು.

೨೦೨೪ರ ಏಪ್ರಿಲಿನಲ್ಲಿ ನಮ್ಮ ಪ್ರದೇಶದಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿತು. ತೊಟ್ಟಿಯ ನೀರು ಮೂವತ್ತೆರಡು. ಬಸುರಿ ಹೆಣ್ಣುಗಳೆಲ್ಲ ತತ್ತಿ ಉದುರಿಸಿದುವು, ಹೊಸದಾಗಿ ಯಾವುದೂ ಕಟ್ಟಲಿಲ್ಲ. ನೀರು ಬಿಸಿಯಾದಷ್ಟು ಅದರಲ್ಲಿ ಕರಗುವ ಪ್ರಾಣವಾಯು ಕಡಿಮೆ. ಹುಟ್ಟುವ ಮರಿಗಳಲ್ಲಿ ಗಂಡುಗಳೇ ಹೆಚ್ಚಾಗುತ್ತವೆಂದೂ ಬಲ್ಲವರು ಹೇಳುತ್ತಾರೆ. ಮುಚ್ಚಳ ತೆಗೆದು, ಒಂದು ಸಣ್ಣ ಪಂಖವನ್ನು ನೀರಿನ ಮೇಲೆ ಬೀಸುವಂತೆ ಕಟ್ಟಿದೆವು. ಮಡಕೆಯ ನೀರು ತಂಪಾಗುವ ನಿಯಮವೇ ಇಲ್ಲಿಯೂ. ಎರಡು ಮೂರು ಡಿಗ್ರಿ ಇಳಿಯಿತು. ಆರಿಹೋದ ನೀರನ್ನು ತುಂಬಲು ಮಾತ್ರ ಶುದ್ಧ ಮಾಡಿದ ಕುಡಿಯುವ ನೀರೇ ಬೇಕು, ಏಕೆಂದರೆ ಲವಣ ಆರುವುದಿಲ್ಲ, ತೊಟ್ಟಿಯಲ್ಲೇ ಉಳಿಯುತ್ತದೆ. ಆ ಬೇಸಗೆಯನ್ನು ಹೇಗೋ ದಾಟಿದೆವು.

ಮಳೆಗಾಲದಲ್ಲಿ ಬಂದುದನ್ನು ದಾಟಲಾಗಲಿಲ್ಲ. ಒಂದು ಶನಿವಾರ ನಮ್ಮ ಕಟ್ಟಡದಲ್ಲಿ ಜಿರಳೆಗೆ ಔಷಧ ಹೊಡೆಸಿದರು. ಸೂಚನೆಯಿರಲಿಲ್ಲ. ಮೊಗಸಾಲೆಯಲ್ಲಿ, ಮೆಟ್ಟಿಲಲ್ಲಿ, ಬಾಗಿಲ ಸಂದುಗಳಲ್ಲಿ ಹೊಡೆದು ಹೋದರು. ಜಿರಳೆಯೂ ಸೀಗಡಿಯೂ ಸಂದುಗಾಲಿನ ಒಂದೇ ಕುಲದವು. ಒಂದನ್ನು ಕೊಲ್ಲುವ ವಿಷ ಇನ್ನೊಂದನ್ನು ಬಿಡದು. ಸ್ಪಂಜಿಗೆ ಗಾಳಿಯೂದುವ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತದೆ. ಅಂದು ರಾತ್ರಿಯೇ ಸೀಗಡಿಗಳು ಮಗ್ಗುಲಾಗಿ ಕಾಲು ಅದುರಿಸತೊಡಗಿದುವು. ಎರಡು ಸಲ ನೀರು ಬದಲಿಸಿದೆವು, ಇದ್ದಲು ಹಾಕಿದೆವು. ಸೋಮವಾರದ ಹೊತ್ತಿಗೆ ಒಂದೂ ಉಳಿಯಲಿಲ್ಲ. ಐದು ವರ್ಷದ ಸಂಸಾರ. ಅಮ್ಮ ಚಹದ ಜಾಲರಿಯಿಂದ ಒಂದೊಂದಾಗಿ ಎತ್ತಿ ಬಸಳೆಯ ಬುಡಕ್ಕೆ ಹಾಕಿದರು. ಮಾತಾಡಲಿಲ್ಲ. ಮತ್ತೆ ಕಿಟಕಿಯ ಬಳಿ ಕೂರತೊಡಗಿದರು. ಸೊಸೆ ಕರೆದರೆ ಹೂಂ.

ಹೊಸದಾಗಿ ಕೊಂಡು ತರೋಣವೆಂದೆವು. ಬೇಡವೆಂದರು. ವಿಷಯ ಐರೋಲಿಗೆ ಮುಟ್ಟಿತು. ಅವರು ಕೂಡಲೆ ತರುವುದಾಗಿ ಹೇಳಿದರು. ಆದರೆ ವಿಷ ತಗಲಿದ ಸ್ಪಂಜು, ಮರಳುಗಳನ್ನೆಲ್ಲ ಎಸೆದು ತೊಟ್ಟಿಯನ್ನು ಮೊದಲಿನಿಂದ ಸಿದ್ಧಗೊಳಿಸಬೇಕಾಗಿತ್ತು. ಮತ್ತೆ ವಾರಗಟ್ಟಲೆ ಬರಿಯ ನೀರು. ಅವರು ತಮ್ಮ ತೊಟ್ಟಿಯ ಹಳೆಯ ಸ್ಪಂಜೊಂದನ್ನು ನೀರು ಆರದಂತೆ ಕಳುಹಿಸಿಕೊಟ್ಟುದರಿಂದ ಅವಧಿ ಅರ್ಧವಾಯಿತು. ಮೊಸರಿಗೆ ಹೆಪ್ಪು ಹಾಕಿದಂತೆ. ದೀಪಾವಳಿ ಕಳೆದ ಮೇಲೆ ಮನೆಮಂದಿಯೆಲ್ಲ ಬಂದರು. ಬಾಟಲಿಯಲ್ಲಿ ಇಪ್ಪತ್ತು ಸೀಗಡಿ, ನಮ್ಮ ಹನ್ನೆರಡರ ಮರಿಮಕ್ಕಳು, ಅವುಗಳಲ್ಲಿ ಎರಡು ಬಸುರಿ. ಅಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರ ಮನೆಯ ಚಿಕ್ಕ ಮಗ ನಳಿಗೆಗೆ ಗಂಟು ಹಾಕಲು ಹೋದಾಗ, “ಹಾಂಗಲ್ದಾ ಮಗಾ, ಮೋರ್ಬೆ ನೀರ್ ಬೇರೆ, ಇದ್ ಬೇರೆ. ಮೆಲ್ಲ ಬಿಡ್ಕ್” ಎಂದು ಮಣೆ ಎಳೆದುಕೊಂಡರು. ಹುಡುಗನಿಗೆ ಧಾರವಾಡದ ಕನ್ನಡವೇ ಅಷ್ಟಕ್ಕಷ್ಟೆ, ಕುಂದಾಪುರದ್ದು ಎಲ್ಲಿಂದ ತಿಳಿಯಬೇಕು? ಆದರೂ ಇಬ್ಬರೂ ಮೂರು ಗಂಟೆ ಎದುರುಬದುರು ಕುಳಿತು ತೊಟ್ಟು ಎಣಿಸಿದರು. ಇಪ್ಪತ್ತಕ್ಕೆ ಇಪ್ಪತ್ತೂ ಬದುಕಿದುವು. ಡಿಸೆಂಬರಿನಲ್ಲಿ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನ ಗುರುತುಗಳು ಮತ್ತೆ ಕಂಡುವು.

ಆಮೇಲೆ ಕೊಡುವುದನ್ನು ನಾವೊಂದು ವ್ಯವಸ್ಥೆಯನ್ನಾಗಿಯೇ ಮಾಡಿಕೊಂಡಿದ್ದೇವೆ. ಕಲ್ಯಾಣದ ಭಾವನವರು ಮೀನುಗಳನ್ನು ಬೇರೆ ಮಾಡಿದ್ದಾರೆ. ಥಾಣೆಯ ಹುಡುಗ ಕೆಂಪಿನದೊಂದು ಪ್ರತ್ಯೇಕ ತೊಟ್ಟಿ ಇಟ್ಟಿದ್ದಾನೆ. ನಾಲ್ಕು ಊರು, ಬೇರೆ ಬೇರೆ ಅಣೆಕಟ್ಟಿನ ನೀರು, ಒಂದೇ ಸಂತಾನ. ಒಂದು ಕಡೆ ಹೋದರೆ ಇನ್ನೊಂದು ಕಡೆಯಿಂದ ತರಬಹುದು.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕಾಗಿದೆ. ಹೆಚ್ಚಾದುವೆಂದು ಯಾರೂ ಇವುಗಳನ್ನು ಉಲ್ಹಾಸಕ್ಕಾಗಲಿ, ಥಾಣೆಯ ಮಾಸುಂದಾ ಕೆರೆಗಾಗಲಿ, ರಜೆಗೆ ಹೋದಾಗ ಊರ ಹಳ್ಳಕ್ಕಾಗಲಿ ಬಿಡಬಾರದು. ಜರ್ಮನಿಯಂತಹ ಚಳಿಯ ದೇಶದಲ್ಲಿಯೂ, ವಿದ್ಯುತ್ ಕೇಂದ್ರದಿಂದ ಬೆಚ್ಚಗಿನ ನೀರು ಬಂದು ಸೇರುವ ಗಿಲ್‌ಬಾಖ್ ಎಂಬ ತೊರೆಯಲ್ಲಿ ಯಾರೋ ಬಿಟ್ಟ ಈ ಸೀಗಡಿಗಳು ನೆಲೆಯೂರಿಬಿಟ್ಟಿವೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ನಮ್ಮವೇ ಆದ, ಗಾಜಿನಂತೆ ಪಾರದರ್ಶಕವಾದ ಪುಟ್ಟ ಸೀಗಡಿಗಳಿವೆ. ಅವುಗಳ ಮನೆಗೆ ತೈವಾನಿನ ಅತಿಥಿಯನ್ನು ನುಗ್ಗಿಸುವುದು ಬೇಡ. ಹೆಚ್ಚಾದರೆ ನಮಗೆ ಮರಳಿಸಿರಿ.

ಬೇಕೆನ್ನುವ ವಾಚಕರು ಸಂಘದ ಕಾರ್ಯಾಲಯದಲ್ಲಿ ಹೆಸರು ಬರೆಸಬಹುದು. ಹಣವಿಲ್ಲ. ಹತ್ತಕ್ಕೆ ಕಡಿಮೆ ಕೊಡುವುದಿಲ್ಲ, ಏಕೆಂದರೆ ಗಂಡು ಹೆಣ್ಣು ಎರಡೂ ಇರಬೇಕು. ತೊಟ್ಟಿಯಲ್ಲಿ ಐದಾರು ವಾರ ನೀರು ನಿಂತಿದೆಯೆಂದು ಅಮ್ಮನಿಗೆ ಸಮಾಧಾನವಾಗುವಂತೆ ಹೇಳಬೇಕು. ಅವರು ಕೇಳಿಯೇ ಕೇಳುತ್ತಾರೆ, ಕುಂದಾಪುರದ ಕನ್ನಡದಲ್ಲಿ. ನವೆಂಬರಿನಿಂದ ಫೆಬ್ರವರಿಯವರೆಗೆ ಬಂದರೆ ಉತ್ತಮ. ಅಗಲಬಾಯಿಯ ಬಾಟಲಿ ತನ್ನಿರಿ, ಸುತ್ತಲು ಹಳೆಯ ಪತ್ರಿಕೆ ನಮ್ಮಲ್ಲಿದೆ. ಮೆಗಾಬ್ಲಾಕಿನ ದಿನ ಬೇಡ.